ದೋಣಿಕಟ್ಟೆಯ ನಲವತ್ತೊಂದನೆಯವನು

ಆ ದ್ವೀಪದ ಪುಟ ತನ್ನ ಮೇಜಿಗೆ ಬಾರದಿರಲಿ ಎಂದು ಅವನು ಮೂವತ್ತೊಂದು ವರ್ಷ ದೇವರಲ್ಲಿ ಬೇಡಿಕೊಂಡಿದ್ದ. ದೇವರು ಅಷ್ಟೂ ವರ್ಷ ಕೇಳಿಸಿಕೊಂಡ. ಆಮೇಲೆ ಇನ್ನು ಸಾಕು ಅಂದುಕೊಂಡನೋ ಏನೋ, ನಿವೃತ್ತಿಗೆ ಎಂಟು ತಿಂಗಳು ಬಾಕಿ ಇರುವಾಗ ಕಡತ ತಾನಾಗಿ ಬಂದು ಮೇಜಿನ ಮೇಲೆ ಕೂತಿತು.

ಕಚೇರಿ ದೊಡ್ಡದೇನಲ್ಲ. ಬಂದರಿನ ಹಿಂದಿನ ಬೀದಿ, ಎರಡನೆಯ ಮಹಡಿ, ಮೂರು ಕೋಣೆ. ದಡದಿಂದ ಕಾಣುವ, ಕಾಣದ ಸಣ್ಣಪುಟ್ಟ ದ್ವೀಪಗಳ ವಿವರವನ್ನೆಲ್ಲ ಒಂದು ದಪ್ಪ ಪುಸ್ತಕವಾಗಿ ಹೊರತರುವುದು ಅಲ್ಲಿಯ ಕೆಲಸ. ಉದ್ದ ಎಷ್ಟು, ಅಗಲ ಎಷ್ಟು, ಸಿಹಿನೀರು ಉಂಟೋ ಇಲ್ಲವೋ, ಯಾರು ಯಾವ ಕಾಲದಲ್ಲಿ ಬಂದು ಒಲೆ ಹೂಡಿದರು, ಈಗ ಎಷ್ಟು ಜನ ಇದ್ದಾರೆ, ಎಲ್ಲ ಅದರಲ್ಲಿ ಇರಬೇಕು. ಹಳೆಯ ಪುಸ್ತಕ ಹುಳ ಹಿಡಿದು ಹಾಳಾಗಿತ್ತು. ಹೊಸ ಮುದ್ರಣಕ್ಕೆ ಪುಟಗಳನ್ನು ಹಂಚಿಕೊಂಡಿದ್ದರು. ಈ ಪುಟ ಬಿದ್ದಿದ್ದ ಸಹೋದ್ಯೋಗಿ ಬೆನ್ನುನೋವೆಂದು ದೀರ್ಘ ರಜೆ ಹಾಕಿದ. ಕಚೇರಿಯ ಮುಖ್ಯಸ್ಥೆ, ಅವನ ಮಗಳ ವಯಸ್ಸಿನ ಹುಡುಗಿ, ಕಡತವನ್ನು ತಾನೇ ತಂದಿಟ್ಟು, ಅಲ್ಲಿಂದ ಬಂದವರು ಯಾರೋ ಬಂದರಿನ ಹತ್ತಿರ ಟಾರ್ಪಾಲು ಹೊಲಿಯುತ್ತಾರಂತೆ, ಹೋಗಿ ಕೇಳಿ ಬರೆಯಿರಿ, ನಮ್ಮ ಪುಸ್ತಕದಲ್ಲಿ ಬರೀ ಬಂಡೆ ತುಂಬಿದೆ, ಮನುಷ್ಯರೇ ಇಲ್ಲ ಎಂದಳು. ಹೊರಡುವಾಗ ನಕ್ಕು, "ಕೇಳೋ ಕೆಲಸ ನಿಮ್ಮಷ್ಟು ಚೆನ್ನಾಗಿ ಯಾರು ಮಾಡ್ತಾರೆ, ಕಿವಿಯಣ್ಣ?" ಎಂದು ಸೇರಿಸಿದಳು.

ಕಿವಿಯಣ್ಣ ಎಂದು ಹೆಸರಿಟ್ಟವರು ನಕ್ಷೆ ಬರೆಯುವ ಕೋಣೆಯವರು. ಅವನ ಮಾತು ಕಡಿಮೆ. ಎದುರಿನವರು ಮಾತಾಡುವಾಗ ತಲೆಯನ್ನು ಒಂದು ಬದಿಗೆ ವಾಲಿಸಿ ಕೂರುತ್ತಿದ್ದ. ಅದು ಅಮ್ಮನಿಂದ ಬಂದ ಅಭ್ಯಾಸ. ಅಮ್ಮ ಬೆಳಿಗ್ಗೆ ಕೆಲಸ ಮಾಡುತ್ತ ಪದ್ಯ ಹೇಳುತ್ತಿದ್ದಳು. ಅರ್ಧ ಸಾಲಿಗೆ ನಿಲ್ಲಿಸಿ ಮಗನ ಮುಖ ನೋಡಿದರೆ, ಉಳಿದರ್ಧವನ್ನು ಅವನು ತುಂಬಬೇಕು. ಒಂದು ಸಾಲು ತಪ್ಪಿದರೆ, ಅಯ್ಯೋ, ಪದ್ಯದ ಕಾಲು ಮುರಿದೆಯಲ್ಲೋ ಎನ್ನುತ್ತಿದ್ದಳು. ಹಾಗಾಗಿ ಗೋಡೆಯಾಚೆ ಯಾರಾದರೂ ಹಾಡುತ್ತಿದ್ದರೂ ಕುಂಟುವ ಸಾಲು ಅವನಿಗೆ ತಿಳಿದುಬಿಡುತ್ತಿತ್ತು. ಈಗಲೂ ಮುಂಜಾನೆ ಪ್ರಾರ್ಥನೆಗೆ ಕೂತರೆ ಅಮ್ಮನ ಪದ್ಯಗಳೇ ಬಾಯಿಗೆ ಬರುತ್ತಿದ್ದವು. ಆದರೆ ಒಂದು ಪದ್ಯವನ್ನು ಮಾತ್ರ ಅವನು ಮೂವತ್ತೊಂದು ವರ್ಷದಿಂದ ಹೇಳಿರಲಿಲ್ಲ. ಕಂಡದ್ದನ್ನೇ ನುಡಿಯುವ ನಾಲಿಗೆ ಕೊಡು ಎಂದು ಅದರಲ್ಲಿ ಬೇಡಿಕೊಳ್ಳಬೇಕಾಗಿತ್ತು.

ಅವನು ಮಾಡಿದ್ದು ಇಷ್ಟು.

ಆಗ ಅವನಿಗೆ ಇಪ್ಪತ್ತಾರು. ಜನಗಣತಿಗೆ ನೇಮಿಸಿ ಮೂರು ದ್ವೀಪಗಳನ್ನು ಅವನ ಪಾಲಿಗೆ ಕೊಟ್ಟಿದ್ದರು. ಗಣತಿಯ ದಿನ ಹದಿನಾಲ್ಕನೆಯ ತಾರೀಖು. ಗಾಳಿಗಾಲದ ನಟ್ಟನಡುವೆ ದಿನ ಗೊತ್ತು ಮಾಡಿದವರಿಗೆ ಸಮುದ್ರವೆಂದರೆ ಗೋಡೆಯ ಮೇಲಿನ ನಕ್ಷೆಯ ನೀಲಿ ಬಣ್ಣ, ಅಷ್ಟೆ. ದೋಣಿಯವನು ಹದಿಮೂರಕ್ಕೇ ಬಂದು, ನಾಳೆ ಕಡಲು ಇನ್ನೂ ಕೆಡುತ್ತದೆ, ಹೋಗುವುದಾದರೆ ಇವತ್ತೇ ಎಂದ. ಹೋದರು. ದಾರಿಯುದ್ದಕ್ಕೂ ಅವನು ದೋಣಿಯ ಅಂಚಿಗೆ ಬಾಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಡಲಿಗೆ ಒಪ್ಪಿಸಿದ. ಆ ದ್ವೀಪದ ದೋಣಿಕಟ್ಟೆ ಹತ್ತಿದಾಗ ಕಾಲಡಿಯ ಕಲ್ಲೂ ತೂಗುತ್ತಿತ್ತು. ಎದುರಿಗೆ ಏಳು ಮನೆ. ಏಳರ ಬಾಗಿಲಿಗೂ ಹಲಗೆ ಹೊಡೆದು, ಹಲಗೆಗೆ ಕಲ್ಲು ಒರಗಿಸಿತ್ತು. ಹೊಸ್ತಿಲಲ್ಲಿ ಹುಲ್ಲು. ಒಂದು ನಾಯಿಯೂ ಬೊಗಳಲಿಲ್ಲ. ಹಿಂದೆ ಗುಡ್ಡ. ಗುಡ್ಡ ಹತ್ತಿ ಇಳಿದು ನೋಡಿ ಬರಲು ಅರ್ಧ ಗಂಟೆ ಸಾಕಿತ್ತು. ದೋಣಿಯವನು ಹೊತ್ತಾಯಿತು ಎಂದ. ಇವನಿಗೂ ಅದೇ ಬೇಕಾಗಿತ್ತು. ಕಾಲು ಗಂಟೆ ನಿಂತು ಮರಳಿ ದೋಣಿ ಹತ್ತಿದ.

ಮಾರನೆಯ ದಿನ ಬಾಡಿಗೆ ಕೋಣೆಯಲ್ಲಿ ಕೂತು ನಮೂನೆ ತುಂಬಿದ. ಜನ: ಸೊನ್ನೆ. ಭೇಟಿಯ ದಿನ: ಹದಿನಾಲ್ಕು. ಬೇರೆ ದಿನ ಬರೆದರೆ ನಮೂನೆ ತಿರಸ್ಕೃತವಾಗುತ್ತದೆ, ಇನ್ನೊಮ್ಮೆ ಹೋಗಬೇಕಾಗುತ್ತದೆ. ಕೊನೆಯ ಅಂಕಣದಲ್ಲಿ, ಜನರನ್ನು ಹುಡುಕಲು ಏನು ಮಾಡಿದಿರಿ ಎಂಬ ಪ್ರಶ್ನೆಗೆ, ಗುಂಡಗಿನ ಅಕ್ಷರದಲ್ಲಿ ಬರೆದ: "ಕಟ್ಟೆಯ ಮೇಲೆ ನಿಂತು ಮೂರು ಬಾರಿ ಗಟ್ಟಿಯಾಗಿ ಕೂಗಿದೆ. ಉತ್ತರ ಬರಲಿಲ್ಲ." ಅವನು ಒಂದು ಬಾರಿಯೂ ಕೂಗಿರಲಿಲ್ಲ. ಅಂದು ಹದಿನಾಲ್ಕರ ಕಡಲು ಕಿಟಕಿಯಾಚೆ ತಟ್ಟೆಯಲ್ಲಿಟ್ಟ ನೀರಿನಂತೆ ಸುಮ್ಮನೆ ಮಲಗಿತ್ತು.

ಆರು ವರ್ಷದ ನಂತರ ಆ ದ್ವೀಪ ನಿಜವಾಗಿಯೂ ಖಾಲಿಯಾಯಿತೆಂದು ಕೇಳಿದ. ಯಾರನ್ನೂ ಏಕೆಂದು ಕೇಳಲಿಲ್ಲ. ಕೇಳುವುದೇ ಕೆಲಸವಾದವನು ಅದೊಂದನ್ನು ಕೇಳದೆ ಉಳಿದ.

ಟಾರ್ಪಾಲಿನ ಅಂಗಡಿ ಅಲೆತಡೆ ಗೋಡೆಯ ಬುಡದಲ್ಲಿತ್ತು. ಮುಂದೆ ಹೊಲಿಯುವ ಜಾಗ, ಹಿಂದೆ ಮನೆ. ಒಳಗೆ ಮೇಣದ ಮತ್ತು ಹೊಸ ರಬ್ಬರಿನ ವಾಸನೆ. ದಪ್ಪ ಬಟ್ಟೆ ಹೊಲಿಯುವ ಕಬ್ಬಿಣದ ಯಂತ್ರದ ಹಿಂದೆ ನಲವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಯಂತ್ರ ನುಗ್ಗದ ಮೂಲೆಗಳನ್ನು ಕೈಯಲ್ಲಿ ಹೊಲಿಯಲು ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡಿದ್ದಳು. ಅವನು ಬಂದ ಕಾರಣ ಹೇಳಿದ. ಅವಳು ಬಟ್ಟೆಯ ರಾಶಿಯ ಹಿಂದಿನಿಂದ ಒಂದು ಗಿಡ್ಡ ಮರದ ಕುರ್ಚಿ ಎಳೆದು, ಸೆರಗಿನಿಂದ ಒರೆಸಿ ಅವನ ಮುಂದಿಟ್ಟಳು. ಅದರ ಒಂದು ಕಾಲಿಗೆ ಹಗ್ಗ ಸುತ್ತಿತ್ತು.

"ಕೂತ್ಕೊಳ್ಳಿ ಸರ್. ಅಲುಗಾಡುತ್ತೆ, ಬೀಳ್ಸಲ್ಲ."

ಒಳಕೋಣೆಯ ಮಂಚದ ಮೇಲೆ ಮುದುಕಿಯೊಬ್ಬಳು ಕೂತು ಹಗ್ಗದ ಸಿಕ್ಕು ಬಿಡಿಸುತ್ತಿದ್ದಳು. ತನ್ನ ಸೋದರತ್ತೆ, ಅಪ್ಪನ ಅಕ್ಕ, ಎಂಬತ್ತಮೂರು ವಯಸ್ಸು ಎಂದು ಟಾರ್ಪಾಲಿನವಳು ಪರಿಚಯ ಮಾಡಿಕೊಟ್ಟಳು. "ಕಿವಿ ಪೂರ್ತಿ ಹೋಗಿದೆ. ನಾನು ಅವರನ್ನ ಬೈದ್ರೆ ಮಾತ್ರ ಎಲ್ಲಿಂದಲೋ ಕೇಳ್ಸುತ್ತೆ."

ಅವನು ಭಾನುವಾರ ಭಾನುವಾರ ಹೋಗತೊಡಗಿದ. ಅವಳು ಹೊಲಿಗೆ ನಿಲ್ಲಿಸದೆ ಹೇಳುವಳು, ಇವನು ತಲೆ ವಾಲಿಸಿ ಬರೆದುಕೊಳ್ಳುವನು. ಮೊದಲ ಭಾನುವಾರ ದ್ವೀಪದ ಮೈ ತಿಳಿಯಿತು. ಬೋರಲು ಹಾಕಿದ ದೋಣಿಯ ಹಾಗೆ ಅದರ ಆಕಾರ. ಉದ್ದ ಒಂದು ಮೈಲಿಗೆ ಸ್ವಲ್ಪ ಕಡಿಮೆ, ನಡುವೆ ಗುಡ್ಡದ ಬೆನ್ನು. ದೋಣಿ ತಾಗಲು ಬಂಡೆಗಳ ನಡುವೆ ಒಂದೇ ಒಂದು ಮರಳಿನ ಸಂದು, ಅದೂ ಗಾಳಿ ಹೊಡೆಯುವ ಕಡೆಗೆ. ಆಚೆ ಕಡೆ ಬರೀ ಕಡಿದಾದ ಕಲ್ಲು, ಆದರೆ ಗಾಳಿಯ ಸುಳಿವಿಲ್ಲ. ಆದ್ದರಿಂದ ಪ್ರತಿ ಸಂಸಾರಕ್ಕೂ ಎರಡು ಮನೆ. ಒಂಬತ್ತು ತಿಂಗಳು ಕಟ್ಟೆಯ ಬಳಿಯ ಬಯಲುಮನೆ. ಗಾಳಿಗಾಲದ ಮೂರು ತಿಂಗಳು ಗುಡ್ಡದಾಚೆ, ಸೂರಿನ ತನಕ ನೆಲದಲ್ಲಿ ಹೂತ ಮರೆಮನೆ. ಗಾಳಿ ಶುರುವಾಗುವ ಮೊದಲು ಬಯಲುಮನೆಯ ಬಾಗಿಲಿಗೆ ಹಲಗೆ ಹೊಡೆದು, ಕಲ್ಲು ಒರಗಿಸಿ, ಪಾತ್ರೆ, ಮಕ್ಕಳು, ಕೋಳಿ, ನಾಯಿ ಸಮೇತ ಎಲ್ಲರೂ ಗುಡ್ಡ ದಾಟುವರು.

ಅವನ ಪೆನ್ನು ಅಲ್ಲಿ ನಿಂತಿತು. "ಎಲ್ಲರೂ?" ಎಂದು ಕೇಳಿದ.

"ಇನ್ನೇನು ಸರ್, ಬಯಲುಮನೆಯಲ್ಲಿದ್ರೆ ಗಾಳಿ ತಲೇನೇ ಹಾರಿಸ್ಕೊಂಡು ಹೋಗುತ್ತೆ."

ಎರಡನೆಯ ಭಾನುವಾರ ಇತಿಹಾಸ. ಈ ಬಂದರು ಕಟ್ಟುವಾಗ ದ್ವೀಪದ ಕಲ್ಲು ಕಡಿಯಲೆಂದು ಕರೆತಂದ ಮೂರು ಕಲ್ಲುಕುಟಿಗ ಸಂಸಾರಗಳು ಅಲ್ಲಿ ಮೊದಲು ಒಲೆ ಹೂಡಿದ್ದು. ಅಲೆತಡೆ ಗೋಡೆ ಮುಗಿಯಿತು, ಗುತ್ತಿಗೆದಾರ ಹೊರಟ. ಇವರನ್ನು ವಾಪಸು ಕರೆದೊಯ್ಯುವ ನೆನಪು ಯಾರಿಗೂ ಆಗಲಿಲ್ಲ. ನೆನಪಾದಾಗ ಇವರಿಗೆ ಹೋಗುವ ಮನಸ್ಸಿರಲಿಲ್ಲ. ಮೂರು ಮನೆ ಏಳಾದವು. ಅವಳು ಸೂಜಿ ಹಿಡಿದ ಕೈಯನ್ನು ಹಿಂದಿನ ಗೋಡೆಯತ್ತ ಚಾಚಿ ನಕ್ಕಳು. "ಊರು ಬಿಟ್ಟು ಬಂದೆ ಅಂತೀನಿ. ನೋಡಿದ್ರೆ ನಮ್ಮೂರ ಕಲ್ಲಿಗೇ ಒರಗಿ ಕೂತಿದೀನಿ."

ಎರಡು ವಾರದ ಟಿಪ್ಪಣಿ ನೋಡಿ ಮುಖ್ಯಸ್ಥೆ ಹಿಗ್ಗಿದಳು. ಇವನಿಗೆ ಊಟ ಇಳಿಯುತ್ತಿರಲಿಲ್ಲ. ಹೆಂಡತಿ ಹೊಟ್ಟೆ ಸರಿಯಿಲ್ಲವೇ ಎಂದಳು. ಮೂವತ್ತೊಂದು ವರ್ಷದ ಹಿಂದೆಯೇ ಕೆಟ್ಟದ್ದು ಎನ್ನಲು ಬಾಯಿ ಬರಲಿಲ್ಲ.

ಮೂರನೆಯ ಭಾನುವಾರ ಅವನು, ದ್ವೀಪದಲ್ಲಿ ಕೊನೆಗೆ ಎಷ್ಟು ಜನ ಇದ್ದರು ಎಂದು ಕೇಳಿದ. ಕೇಳದೆ ಪುಟ ಮುಗಿಯುವಂತಿರಲಿಲ್ಲ. ಅವಳು ಯಂತ್ರ ನಿಲ್ಲಿಸಿದಳು. ಬೆರಳಲ್ಲಿ ಎಣಿಸಿದರೆ ತಪ್ಪುತ್ತದೆ, ಹಾಡಿನಲ್ಲಿ ಹೇಳುತ್ತೇನೆ, ಅಪ್ಪ ಕಟ್ಟಿದ್ದು ಎಂದು ಧ್ವನಿ ತಗ್ಗಿಸಿದಳು. ಒಳಕೋಣೆಯತ್ತ ಒಮ್ಮೆ ನೋಡಿ ಶುರು ಮಾಡಿದಳು:

ಬಂಡೆಯ ಬೆನ್ನಿಗೆ ಮೊದಲನೆ ಮನೆಯು, ಮೂವರು ಒಂದೇ ಒಲೆಗೆ,
ಬಾವಿಯ ಬದಿಗೆ ಎರಡನೆ ಮನೆಯು, ಎಂಟಾಳು ಊಟದ ವೇಳೆಗೆ.
ಮೂರನೆ ಮನೆಯಲಿ ಆರೇ ಮಂದಿ, ಅಜ್ಜಿಗೆ ಕಣ್ಣು ಕಾಣದು,
ನಾಲ್ಕನೆ ಮನೆಯಲಿ ಐವರು ಉಂಟು, ಬಾಗಿಲು ಎಂದೂ ಮುಚ್ಚದು.
ಐದನೆ ಮನೆಯಲಿ ಏಳೇ ಮಂದಿ, ತೊಟ್ಟಿಲು ಇನ್ನೂ ತೂಗುತಿದೆ,
ಆರನೆ ಮನೆಯಲಿ ಒಂಬತ್ತು ಮಂದಿ, ಜಗಳವು ಊರಿಗೆ ಕೇಳುತಿದೆ.
ಏಳನೆ ಮನೆಯು ನಮ್ಮದೆ ಅಣ್ಣ, ಅಕ್ಕ ಮಗಳು ಇಬ್ಬರೇ.

ಅಷ್ಟಕ್ಕೆ ನಿಲ್ಲಿಸಿ, "ನಲವತ್ತು" ಎಂದಳು.

ಅವನು ಬರೆದುಕೊಳ್ಳಲಿಲ್ಲ. ತಲೆ ವಾಲಿಸಿ ಕಾದ. ಎರಡೆರಡು ಸಾಲು ಜೋಡಿಯಾಗಿ ಬಂದ ಪದ್ಯ ಒಂಟಿ ಕಾಲಿನ ಮೇಲೆ ನಿಂತುಬಿಟ್ಟಿತ್ತು. ಅಮ್ಮ ಎದುರಿಗಿದ್ದಿದ್ದರೆ ಮುಖ ನೋಡುತ್ತಿದ್ದಳು. ತಡೆಯಲಾರದೆ, "ಇನ್ನೊಂದು ಸಾಲು ಇರ್ಬೇಕಲ್ಲಮ್ಮ," ಎಂದ.

ಟಾರ್ಪಾಲಿನವಳು ಅವನನ್ನೇ ದಿಟ್ಟಿಸಿದಳು. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಗುರುತಿಸಿರಲಿಲ್ಲವಂತೆ. ಇತ್ತು, ಅತ್ತೆ ಹೇಳಬಾರದೆಂದು ಬಾಯಿ ಕಟ್ಟಿದ್ದಾರೆ ಎಂದು, ಅಂಗೈಯ ತೊಗಲುಪಟ್ಟಿ ಬಿಚ್ಚುತ್ತ ಕತೆ ಹೇಳಿದಳು.

ಒಮ್ಮೆ ಜನಗಣತಿಯ ಪತ್ರ ಬಂತು. ಹದಿನಾಲ್ಕನೆಯ ತಾರೀಖು ಅಧಿಕಾರಿ ಬರುತ್ತಾರೆ, ಕಟ್ಟೆಯಲ್ಲಿ ಒಬ್ಬರು ಪಟ್ಟಿ ಸಮೇತ ಕಾಯಬೇಕು ಎಂದು. ಗಾಳಿಗಾಲ, ಊರೆಲ್ಲ ಮರೆಮನೆಯಲ್ಲಿ. ದೋಣಿಕಟ್ಟೆ ನೋಡಿಕೊಳ್ಳುವವನು ಅಪ್ಪ. ಹಾಗಾಗಿ ಕಾಯುವ ಕೆಲಸ ಅಪ್ಪನದು. ಅವನಿಗೆ ಬರೆಯಲು ಬಾರದು, ಅದಕ್ಕೇ ಪಟ್ಟಿಯನ್ನು ಹಾಡು ಮಾಡಿದ. ಬೆಳಕು ಹರಿಯುವ ಮೊದಲೇ ಗುಡ್ಡ ದಾಟಿ ಹೋಗಿ, ಕತ್ತಲು ಕವಿಯುವ ತನಕ ನಿಂತ. ಯಾರೂ ಬರಲಿಲ್ಲ. ಕಡಲು ಕೆಟ್ಟಿರಲೂ ಇಲ್ಲ. ಮನೆಗೆ ಬಂದು, ಅಧಿಕಾರಿಗೆ ಮೈ ಸರಿಯಿಲ್ಲವೋ ಏನೋ ಪಾಪ, ನಾಳೆ ಬರಬಹುದು ಎಂದ. ಮಾರನೆಯ ದಿನವೂ ಹೋಗಿ ನಿಂತ.

ಮುಂದಿನ ವರ್ಷ ವಾರದ ದೋಣಿ ನಿಂತಿತು. ಆಮೇಲೆ ಶಾಲೆಯ ಮೇಷ್ಟರು. ಜನವೇ ಇಲ್ಲದ ಜಾಗಕ್ಕೆ ದೋಣಿ ಏಕೆ, ಮೇಷ್ಟರು ಏಕೆ? ಇವರು ಅರ್ಜಿ ಹಾಕಿದರು. ಉತ್ತರದ ಜೊತೆಗೆ ನಮೂನೆಯ ಪ್ರತಿ ಬಂತು. ಊರವರನ್ನೆಲ್ಲ ಕೂರಿಸಿ ಓದಿಸಿದರು. ನಮ್ಮ ನೌಕರರು ಹದಿನಾಲ್ಕನೆಯ ತಾರೀಖು ಬಂದಿದ್ದರು, ಮೂರು ಬಾರಿ ಕೂಗಿದರು, ಉತ್ತರ ಬರಲಿಲ್ಲ.

"ಎಲ್ಲರೂ ಅಪ್ಪನ ಮುಖ ನೋಡಿದ್ರು ಸರ್. ಅಪ್ಪ ಹೇಳಿದ, ನಾನು ಅಲ್ಲೇ ಇದ್ದೆ, ಯಾರೂ ಬರಲಿಲ್ಲ ಅಂತ. ಮೊಹರು ಬಿದ್ದ ಕಾಗದದ ಮುಂದೆ ಬಾಯಿಮಾತು ಯಾರು ನಂಬ್ತಾರೆ? ಎಲ್ಲೋ ಮರೆಯಲ್ಲಿ ನಿದ್ದೆ ಹೊಡೆದಿದಾನೆ ಅಂದ್ರು. ಅತ್ತೆ ಎಲ್ಲರ ಮುಂದೆ ಹೇಳಿದ್ರು: ನೀನು ಮಲಗಿದೆ, ಊರು ಎದ್ದು ಹೋಗುತ್ತೆ ನೋಡು ಅಂತ. ಹೋಯ್ತು."

ಐದು ವರ್ಷದಲ್ಲಿ ಮನೆ ಒಂದೊಂದಾಗಿ ಖಾಲಿಯಾಯಿತು. ಅತ್ತೆಯ ಗಂಡನ ಸಮಾಧಿ ಅಲ್ಲೇ ಉಳಿಯಿತು. ಈ ಊರಿಗೆ ಬಂದ ಮೇಲೆ ಅಕ್ಕ ತಮ್ಮ ಒಂದೇ ಸೂರಿನ ಕೆಳಗಿದ್ದರೂ ಮಾತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಳ್ಳುವಾಗ, ಅಕ್ಕನನ್ನು ಒಂದು ಸಲ ಕರೆ, ನಾನು ನಿಂತಿದ್ದೆ ಅಂತ ಹೇಳಬೇಕು ಎಂದ. ಅತ್ತೆ ಪಕ್ಕದ ಕೋಣೆಯಿಂದ ಏಳಲಿಲ್ಲ. ಆಗ ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

"ಕೊನೇ ಸಾಲು ಅಪ್ಪನದು. ತನ್ನನ್ನೇ ಕೊನೆಗೆ ಸೇರಿಸ್ಕೊಂಡಿದ್ದ. ನಲವತ್ತೊಂದನೆಯವನು." ಅವಳು ಮೂಗು ಒರೆಸಿಕೊಂಡು ನಕ್ಕಳು. "ನೀವು ಕೂತಿದೀರಲ್ಲ, ಆ ಕುರ್ಚಿ ಅಪ್ಪ ಅವತ್ತು ತಲೆ ಮೇಲೆ ಹೊತ್ತು ಗುಡ್ಡ ದಾಟಿಸಿದ್ದು. ಅಧಿಕಾರಿ ದೋಣಿಯಿಂದ ಸುಸ್ತಾಗಿ ಇಳೀತಾರೆ, ಕೂತು ಬರ್ಕೊಳ್ಳಲಿ ಅಂತ. ತಾನು ಮಾತ್ರ ಎರಡು ದಿನವೂ ಕೂರಲಿಲ್ಲ. ಕೂತ್ರೆ ನಿದ್ದೆ ಬಂದೀತು ಅಂತ."

ಏಳಬೇಕೆಂದುಕೊಂಡ. ಎದ್ದರೆ ಏಕೆಂದು ಕೇಳುತ್ತಾಳೆ. ಕೂತೇ ಇದ್ದ. ಕೆಳಗಿನ ಹಲಗೆ ಕಾದ ಹೆಂಚಿನಂತಾಯಿತು. ಅವಳು ಬೇರೇನೋ ಹೇಳುತ್ತಿದ್ದಳು. ಎಂದೂ ಹೀಗಾಗದ ಕಿವಿಯಣ್ಣನಿಗೆ ಅಂದು ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಸೋಮವಾರ ಅವನು ಕಡತದ ಕೋಣೆಗೆ ಹೋಗಿ ಆ ನಮೂನೆ ತೆಗೆಸಿದ. ಕಾಗದ ಹಳದಿಯಾಗಿತ್ತು. ಗುಂಡಗಿನ ಅಕ್ಷರ ಮಾತ್ರ ನಿನ್ನೆ ಬರೆದಂತೆ ಹೊಳೆಯುತ್ತಿತ್ತು. ಇಷ್ಟು ದಿನ ಅವನು ತನ್ನ ತಪ್ಪನ್ನು ಸೋಮಾರಿತನವೆಂದೇ ಲೆಕ್ಕ ಹಾಕಿದ್ದ. ಕಾಣದ ಜನರಿಗೆ, ಮುಖವಿಲ್ಲದ ಒಂದು ಊರಿಗೆ ಮಾಡಿದ್ದು. ಈಗ ಅದಕ್ಕೆ ಒಂದು ಮುಖ ಬಂತು. ನಮೂನೆ ವಾಪಸು ಬರಬಾರದೆಂದು ಹದಿಮೂರನ್ನು ಹದಿನಾಲ್ಕು ಮಾಡಿದ್ದ. ಹದಿನಾಲ್ಕರಂದು ಅಲ್ಲಿ ನಿಂತವನು ಸುಳ್ಳನಾದ.

ಅಂದು ಸಂಜೆಯೊಳಗೆ ಅವನು ಪುಟ ಬರೆದು ಮುಗಿಸಿದ. ಗುಡ್ಡ, ಬಾವಿ, ಎರಡೆರಡು ಮನೆ, ಕಲ್ಲುಕುಟಿಗರು, ಎಲ್ಲ ಬಂತು. ಕೊನೆಯಲ್ಲಿ ಒಂದು ವಾಕ್ಯ: "ಗಣತಿಯಲ್ಲಿ ಉಂಟಾದ ಲೋಪದಿಂದ ದ್ವೀಪವು ನಿರ್ಜನವೆಂದು ದಾಖಲಾಗಿತ್ತು." ಮುಖ್ಯಸ್ಥೆ ಓದಿ, ಇಂಥ ಪುಟ ಈ ಪುಸ್ತಕದಲ್ಲೇ ಇಲ್ಲ ಎಂದಳು. ಅವನು ಮತ್ತೆ ಮತ್ತೆ ಆ ವಾಕ್ಯ ಓದಿಕೊಂಡ. ಲೋಪ ತಾನಾಗಿ ಕಡಲಿನಿಂದ ಎದ್ದು ಬಂದಂತಿತ್ತು. ಮಾಡಿದವನು ಅದರೊಳಗೆ ಎಲ್ಲೂ ಇರಲಿಲ್ಲ. ಅದನ್ನು ಓದಿ ಆ ಮುದುಕಿ ತಮ್ಮನನ್ನು ನಂಬುವಂತೆಯೂ ಇರಲಿಲ್ಲ. ಲೋಪವೆಂದರೆ ಏನು, ತಮ್ಮ ಮಲಗಿದ್ದೇ ಲೋಪ ಎಂದಾಳು. ಎಂಬತ್ತಮೂರು ವಯಸ್ಸು. ಪುಸ್ತಕ ಅಚ್ಚಾಗಿ ಬರುವುದಕ್ಕೆ ವರ್ಷ ಬೇಕು. ಹೇಳುವುದಾದರೆ ಮುದುಕಿ ಬದುಕಿರುವಾಗಲೇ ಹೇಳಬೇಕು.

ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅವರಿಬ್ಬರ ಮುಂದೆ, ಬೀದಿಯವರ ಮುಂದೆ, ನಾಳೆ ಕಚೇರಿಯಲ್ಲಿ ಅವನು ಏನಾಗಿ ಉಳಿಯುತ್ತಾನೆ? ಆ ವಾರವೆಲ್ಲ ಮುಂಜಾನೆ ಪ್ರಾರ್ಥನೆಗೆ ಕೂತರೆ ಬೇರೆ ಯಾವ ಪದ್ಯವೂ ಬಾಯಿಗೆ ಬರಲಿಲ್ಲ. ಆ ಒಂದೇ ಒಂದು ಬರುತ್ತಿತ್ತು. ಅರ್ಧ ಸಾಲಿಗೆ ನಿಂತು ಅವನ ಮುಖ ನೋಡುತ್ತಿತ್ತು.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಅವನು ನಮೂನೆಯ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ. ಟಾರ್ಪಾಲಿನವಳು ಕುರ್ಚಿ ಎಳೆದಿಟ್ಟಳು. ಅವನು ಕೂರಲಿಲ್ಲ.

"ಆ ಗಣತಿಗೆ ಬಂದವನು ನಾನು," ಎಂದ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿದಳು, ಗಂಟೂ ಹಾಕಿದಳು. ಅವನು ಒಂದೂ ಬಿಡದೆ ಹೇಳಿದ. ಹದಿಮೂರು, ಹಲಗೆ ಹೊಡೆದ ಬಾಗಿಲು, ಕಾಲು ಗಂಟೆ, ಬಾಡಿಗೆ ಕೋಣೆ, ಹದಿನಾಲ್ಕು, ಕೂಗದ ಮೂರು ಕೂಗು. ಹೇಳಿ ಮುಗಿಸಿ ಪ್ರತಿಯನ್ನು ಮುಂದೆ ಚಾಚಿದ. ಅವಳು ಅದನ್ನು ಮುಟ್ಟಲಿಲ್ಲ. ಎದುರಿನ ಹಗ್ಗದ ಅಂಗಡಿಯವನು ಯಾರಿಗೋ ಹಗ್ಗ ಅಳೆದು ಕೊಡುತ್ತಿದ್ದ ಸದ್ದು ಕೇಳುತ್ತಿತ್ತು.

"ಮೂರು ವಾರ ನನ್ನ ಮುಂದೆ ಕೂತಿದ್ರಿ," ಎಂದಳು ಕೊನೆಗೆ. "ಚಹಾ ಕುಡಿದ್ರಿ."

"ಹೌದಮ್ಮ."

"ನನಗೆ ಯಾಕೆ ಹೇಳ್ತೀರಿ? ನಾನು ಅಪ್ಪನ್ನ ಯಾವತ್ತೂ ನಂಬಿದ್ದೆ. ಒಳಗೆ ಹೋಗಿ ಹೇಳಿ."

ಅವನು ಬರೆದು ತೋರಿಸಲೇ ಎಂದು ಕೇಳಿದ, ಅವರಿಗೆ ಕಿವಿ ಕೇಳುವುದಿಲ್ಲವಲ್ಲ.

"ಕಾಗದ ಬೇಡ ಸರ್. ಕಾಗದ ನಂಬಿದ್ದಕ್ಕೇ ತಾನೇ ಇಷ್ಟೆಲ್ಲ ಆಗಿದ್ದು? ಬಾಯಲ್ಲಿ ಹೇಳಿ. ಗಟ್ಟಿಯಾಗಿ."

ಒಳಕೋಣೆ ಸಣ್ಣದು. ಮಂಚ, ಒಂದು ನೀರಿನ ಹೂಜಿ, ಕಲ್ಲಿನ ಗೋಡೆಯತ್ತ ಒಂದು ಕಿಟಕಿ. ಮುದುಕಿ ಹಗ್ಗದ ಸಿಕ್ಕಿನಿಂದ ತಲೆ ಎತ್ತಿ, ಪರಿಚಯದ ಮುಖವೆಂದು ನಕ್ಕಳು. ಅವನು ಬಾಗಿ ಹೇಳಿದ. ಜೀವನದಲ್ಲಿ ಧ್ವನಿ ಏರಿಸಿದವನಲ್ಲ. ಮಾತು ತುಟಿಯ ಹತ್ತಿರವೇ ಉಳಿಯಿತು. ಮುದುಕಿ ಕಿವಿಯ ಹಿಂದೆ ಅಂಗೈ ಇಟ್ಟು, ಏನಪ್ಪಾ ಎಂದಳು.

ಎರಡನೆಯ ಬಾರಿ ಹೇಳಿದ. ಅವಳು ತಲೆ ಅಲ್ಲಾಡಿಸಿ, ಇವರಿಗೆ ಏನೋ ಬೇಕಂತೆ ನೋಡೇ ಎಂದು ಸೋದರಸೊಸೆಯತ್ತ ತಿರುಗಿದಳು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಸಹಾಯಕ್ಕೆ ಬರಲಿಲ್ಲ.

ಅವನು ಉಸಿರು ತುಂಬಿಕೊಂಡ. ಮೂವತ್ತೊಂದು ವರ್ಷದ ಹಿಂದೆ ಕಟ್ಟೆಯ ಮೇಲೆ ನಿಂತು ಕೂಗಬೇಕಾಗಿದ್ದ ಹಾಗೆ ಕೂಗಿದ.

"ಅಮ್ಮಾ, ಗಣತಿಗೆ ಬಂದವನು ನಾನು. ಹದಿಮೂರನೇ ತಾರೀಖೇ ಬಂದು ಹೋಗಿದ್ದೆ. ಹದಿನಾಲ್ಕು ಅಂತ ಸುಳ್ಳು ಬರೆದೆ. ನಾನು ಕೂಗಲೇ ಇಲ್ಲ. ನಿಮ್ಮ ತಮ್ಮನ ತಪ್ಪಿಲ್ಲ."

ಬೀದಿಯಲ್ಲಿ ಹಗ್ಗ ಅಳೆಯುವ ಸದ್ದು ನಿಂತಿತು. ಯಾರೋ ಅಂಗಡಿಯ ಮುಂದೆ ಬಂದು ಇಣುಕಿದರು. ಮುದುಕಿಯ ಕೈಯಲ್ಲಿದ್ದ ಹಗ್ಗ ಮಡಿಲಿಗೆ ಜಾರಿತು. ಕಣ್ಣು ಅವನ ಬಾಯಿಯ ಮೇಲೆಯೇ ಇತ್ತು, ಅದು ಮುಚ್ಚಿದ ಮೇಲೂ.

"ಹಾಗಾದ್ರೆ ಅವನು ನಿಂತಿದ್ನಾ?"

ನಿಂತಿದ್ದರು ಎಂದುಬಿಟ್ಟರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆದರೆ ಕಾಣದ್ದನ್ನು ಕಂಡೆನೆಂದು ಒಮ್ಮೆ ಹೇಳಿದ್ದಾಗಿತ್ತು. ಅವನು ಮತ್ತೆ ಗಟ್ಟಿಯಾಗಿ ಹೇಳಿದ: "ನಾನು ನೋಡಿಲ್ಲಮ್ಮ. ಆ ದಿನ ನಾನು ಅಲ್ಲಿಗೆ ಬಂದೇ ಇಲ್ಲ."

"ಹೂಂ," ಎಂದಳು ಮುದುಕಿ. "ಅವನೂ ಅದನ್ನೇ ಹೇಳಿದ್ದ. ಯಾರೂ ಬರಲಿಲ್ಲ ಅಂತ."

ಅವಳು ಅಳಲಿಲ್ಲ. ಗೋಡೆಯನ್ನು, ತಮ್ಮ ತೀರಿಕೊಂಡ ಪಕ್ಕದ ಕೋಣೆಯ ಗೋಡೆಯನ್ನು, ಅಂಗೈಯಿಂದ ಒಂದೆರಡು ಸಲ ಸವರಿದಳು. ಆಮೇಲೆ ಯಾರನ್ನೂ ನೋಡದೆ, ಸಣ್ಣ ಧ್ವನಿಯಲ್ಲಿ ಬಂಡೆಯ ಬೆನ್ನಿಗೆ ಮೊದಲನೆ ಮನೆಯು ಎಂದು ಶುರು ಮಾಡಿದಳು. ಒಂದು ಸಾಲೂ ಮರೆತಿರಲಿಲ್ಲ. ಏಳನೆಯ ಮನೆಗೆ ಬಂದಾಗ ಸೊಸೆ ಅಭ್ಯಾಸದಂತೆ ತಲೆ ತಗ್ಗಿಸಿದಳು. ಮುದುಕಿ ನಿಲ್ಲಲಿಲ್ಲ:

ಏಳನೆ ಮನೆಯು ನಮ್ಮದೆ ಅಣ್ಣ, ಅಕ್ಕ ಮಗಳು ಇಬ್ಬರೇ,
ಎಣಿಸಿಕೊ ಅಣ್ಣ ಹೇಳಿದವನನೂ, ಕಟ್ಟೆಯ ಮೇಲೆ ಒಬ್ಬನೇ.

ಅಣ್ಣ ಎಂದರೆ ತಾನು ಎಂದು ಅವನಿಗೆ ಆಗ ಹೊಳೆಯಿತು. ಮುಖ ನೋಡುವ ಮೊದಲೇ ಆ ಮನುಷ್ಯ ಅವನನ್ನು ಅಣ್ಣ ಎಂದು ಕರೆದಿದ್ದ.

"ಬರ್ಕೋ," ಎಂದಳು ಮುದುಕಿ.

ಅವನು ಪ್ರತಿಯನ್ನು ಬೋರಲು ಹಾಕಿ, ಗೋಡೆಗೆ ಒತ್ತಿ ಹಿಡಿದು, ನಿಂತೇ ಬರೆಯಲು ಹೊರಟ. ಮುದುಕಿ ಸೊಸೆಗೆ ಕಣ್ಣಲ್ಲೇ ಏನೋ ಸೂಚಿಸಿದಳು. ಸೊಸೆ ಹೊರಗಿನಿಂದ ಆ ಗಿಡ್ಡ ಕುರ್ಚಿ ತಂದು ಮಂಚದ ಪಕ್ಕ ಇಟ್ಟಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ.

"ನಿನಗೆ ಅಂತಲೇ ಹೊತ್ತು ತಂದಿದ್ದು ಅವನು," ಎಂದಳು ಮುದುಕಿ. ಧ್ವನಿಯಲ್ಲಿ ಕರುಣೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. "ಕೂತ್ಕೋ."

ಕೂತ. ಕುರ್ಚಿ ಅಲುಗಾಡಿತು, ಬೀಳಿಸಲಿಲ್ಲ. ಮುದುಕಿ ಮತ್ತೆ ಮೊದಲಿನಿಂದ ಹೇಳುತ್ತ ಹೋದಳು, ಅವನು ಮನೆ ಮನೆಯನ್ನೂ ಬರೆಯುತ್ತ ಹೋದ. ಮೂರು, ಎಂಟು, ಆರು, ಐದು, ಏಳು, ಒಂಬತ್ತು, ಎರಡು. ಕೊನೆಗೆ ಒಂದು. ಕೂಡಿಸಿ ನಲವತ್ತೊಂದು ಎಂದು ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಬರೆದ. ದಿನಾಂಕದ ಜಾಗಕ್ಕೆ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ಹದಿಮೂರು ಎಂದರೂ ಅಂದು ಅವನು ಯಾರನ್ನೂ ಕೇಳಿರಲಿಲ್ಲ, ಹದಿನಾಲ್ಕು ಎನ್ನುವ ಬಾಯಿಯೂ ಇರಲಿಲ್ಲ. ಯಾವ ದಿನ ಹಾಕಲಿ ಎಂದು ಮುದುಕಿಯ ಕಿವಿಯ ಹತ್ತಿರ ಕೂಗಿ ಕೇಳಿದ.

ಅವಳು ಸಿಕ್ಕುಬಿದ್ದ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡಿದ್ದಳು.

"ಇವತ್ತಿಂದೇ ಹಾಕು," ಎಂದಳು. "ನೀನು ಬಂದಿದ್ದು ಇವತ್ತೇ."